ಹನ್ನೊಂದು ಬೀಸುವ ಪದಗಳು

ಹೊಳೆಯ ದಂಡೆಗೆ ಒಂದು ಆಶ್ರಮ. ಅಲ್ಲಿ ಅಡವಯ್ಯನವರು ಎಂಬ ಸಂಗೀತದ ಗುರುಗಳಿದ್ದರು. ಬೈಯುವುದನ್ನೂ ಶ್ರುತಿ ಹಿಡಿದೇ ಬೈಯುತ್ತಿದ್ದರು. ಕಣ್ಣಿಗೆ ಪೊರೆ ಬಂದು ಅಕ್ಷರ ಕಾಣುತ್ತಿರಲಿಲ್ಲ. ಕಿವಿಗೆ ಮಾತ್ರ ವಯಸ್ಸಾಗಿರಲಿಲ್ಲ.

ಅವರ ಶಿಷ್ಯರಲ್ಲಿ ಗುದ್ನೇಶ ಒಬ್ಬ. ಹಾಡುಗಾರಿಕೆಯಲ್ಲಿ ಅಷ್ಟಕ್ಕಷ್ಟೇ, ಕಂಪ್ಯೂಟರಿನ ಮುಂದೆ ಹುಲಿ. ಆಶ್ರಮದ ನೂರೆಂಬತ್ತು ಹಳೆಯ ಕ್ಯಾಸೆಟ್ಟುಗಳನ್ನು ಕಂಪ್ಯೂಟರಿಗೆ ಇಳಿಸಿ, ಪ್ರತಿ ಹಾಡಿಗೂ ಹೆಸರು ಬರೆದಿಡುವ ಕೆಲಸ ಅವನ ಪಾಲಿಗೆ ಬಂತು.

ವರ್ಷ ಹಿಡಿಯಿತು. ಮುಗಿದ ದಿನ ಅವನು ಬೀಗುತ್ತ ಗುರುಗಳ ಮುಂದೆ ಬಂದು ಕೂತ.

"ಎಲ್ಲಾ ಸಾಲಾಗಿ ಕುಂದರ್ಸೇನ್ರಿ ಗುರುಗಳ. ಕೇಳ್ರಿ."

ಗುಂಡಿ ಒತ್ತಿದ. ಅವನು ಬರೆದದ್ದನ್ನು ಯಂತ್ರ ಓದತೊಡಗಿತು.

"ಆಲ್ಬಂ, ಹೊಳೆದಂಡೆಯ ಬೀಸುವ ಪದಗಳು. ಮೊದಲನೆಯ ಪದ, ವಿವಿಧ ಗಾಯಕರು. ಎರಡನೆಯ ಪದ, ವಿವಿಧ ಗಾಯಕರು. ಮೂರನೆಯ ಪದ, ವಿವಿಧ ಗಾಯಕರು."

ಹನ್ನೊಂದು ಪದಕ್ಕೂ ಯಂತ್ರ ಹೀಗೇ ಓದಿತು. ಗುರುಗಳು ಕೊನೆಯವರೆಗೂ ಕೇಳಿದರು.

"ಒಂದೊಂದು ಪದಕ್ಕ ಅಷ್ಟಷ್ಟು ಮಂದಿ ಹಾಡಿದ್ರೇನೋ?"

"ಇಲ್ರೀ. ಒಂದೊಂದು ಪದ ಒಬ್ಬೊಬ್ಬಾಕಿ ಹಾಡ್ಯಾಳ. ಮೊದಲ ಎಲ್ಲಾರ ಹೆಸರೂ ಬರದಿದ್ದೆ. ಹಂಗ ಬರದ್ರ ಆಲ್ಬಂ ಒಡದು ಹನ್ನೊಂದು ಚೂರಾಗಿ, ಒಂದು ಅಲ್ಲಿ ಒಂದು ಇಲ್ಲಿ ಹೋಗಿ ಬೀಳತೈತಿ. ಅದಕ್ಕ ಎಲ್ಲಾದಕ್ಕೂ ಒಂದ ಹೆಸರು ಹಚ್ಚಿದೆ. ಈಗ ಒಂದ ಕಡಿ ಕುಂತಾವ ನೋಡ್ರಿ. ಬ್ಯಾರೆ ಕ್ಯಾಸೆಟ್ಟಿನ್ಯಾಗಿನ ನಾಟಕದ ಹಾಡಿಗೂ ಹಂಗ ಮಾಡೇನಿ."

"ಹೂಂ" ಎಂದರು ಗುರುಗಳು.

ಮರುದಿನ ಬೆಳಿಗ್ಗೆ ಅಂಗಳದಿಂದ ಅವರ ಕೂಗು ಕೇಳಿಸಿತು.

"ಏ ವಿವಿಧ ಶಿಷ್ಯರು, ಬಾರೋ ಇಲ್ಲಿ!"

ಹದಿನಾರು ಮಂದಿ ಓಡಿ ಬಂದರು.

"ನೀವೆಲ್ಲಾ ಅಲ್ಲೋ. ವಿವಿಧ ಶಿಷ್ಯರು ಅಂದೆ."

ಹದಿನಾರು ಮಂದಿಯೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ದಿನವಿಡೀ ಇದೇ ಆಯಿತು. ತಂಬೂರಿ ಶ್ರುತಿ ಮಾಡು ಎಂದದ್ದು ಯಾರಿಗೆಂದು ತಿಳಿಯದೆ ಯಾರೂ ಮಾಡಲಿಲ್ಲ, ಎಲ್ಲರೂ ಬೈಸಿಕೊಂಡರು.

ಸಂಜೆ ಗುದ್ನೇಶನಿಗೆ ತಡೆಯಲಾಗಲಿಲ್ಲ.

"ಗುರುಗಳ, ನನಗೊಂದು ಹೆಸರಿಲ್ಲೇನ್ರಿ?"

"ಐತಿ. ಅದನ್ನ ಹಿಡದು ಕರದ್ರ ಸಾಲು ಕೆಡತೈತಲ್ಲೋ."

ಗುದ್ನೇಶನಿಗೆ ಸಿಟ್ಟು ಬಂತು. ಯಂತ್ರದ ಕಷ್ಟ ಇವರಿಗೇನು ಗೊತ್ತು ಎಂದುಕೊಂಡ. ಬರೆದದ್ದರಲ್ಲಿ ಒಂದಕ್ಷರವನ್ನೂ ತಿದ್ದಲಿಲ್ಲ.

ಎರಡು ದಿನ ಬಿಟ್ಟು ಹೊಳೆಯಾಚೆಯಿಂದ ಒಬ್ಬ ಹೆಂಗಸು ಬಂದಳು. ಮೂವತ್ತೈದರ ಆಸುಪಾಸಿನವಳು. ಬೀಗರ ಮನೆಗೆ ಹೊರಟವಳ ಹಾಗೆ ಹೊಸ ಸೀರೆ ಉಟ್ಟಿದ್ದಳು.

"ನನ್ನ ಹೆಸರು ಫಕೀರವ್ವ ರೀ. ನಮ್ಮವ್ವ ಗಾಳೆವ್ವ. ಮೂವತ್ನಾಲ್ಕು ವರ್ಷದ ಹಿಂದ ಇಲ್ಲಿಗೆ ಬಂದು ಒಂದು ಬೀಸೂ ಪದ ಹಾಡಿದ್ಲಂತ. ಹಳೇ ಹಾಡೆಲ್ಲಾ ಈಗ ಕೇಳಾಕ ಸಿಗತಾವು ಅಂದ್ರು. ಅದಕ್ಕ ಬಂದೆ."

ಗುದ್ನೇಶ ಉತ್ಸಾಹದಿಂದ ಗಾಳೆವ್ವ ಎಂದು ಬರೆದು ಹುಡುಕಿದ. ಏನೂ ಸಿಗಲಿಲ್ಲ ಎಂದಿತು ಯಂತ್ರ.

"ಕ್ಯಾಸೆಟ್ಟಿನ ಡಬ್ಬಿಯಾಗ ಹೆಸರಿನ ಚೀಟಿ ಇರಬೇಕಲ್ಲ, ತಗೊಂಡು ಬಾ" ಎಂದರು ಗುರುಗಳು.

"ಹುಳ ಹಿಡದಿದ್ವು ಗುರುಗಳ. ಹೆಂಗೂ ಬರಕೊಂಡೇನಿ ಅಂತ... ಬಚ್ಚಲ ಒಲಿಗೆ ಹಾಕಿದೆ."

ಗುರುಗಳು ಬೈಯಲಿಲ್ಲ. ಬೈದಿದ್ದರೆ ಅವನಿಗೆ ಹಗುರಾಗುತ್ತಿತ್ತು.

"ಹನ್ನೊಂದೂ ಹಚ್ಚತೀನವ್ವಾ" ಎಂದ ಗುದ್ನೇಶ. "ನಿಮ್ಮವ್ವನ ದನಿ ಬಂದ ಕೂಡ್ಲೆ ಹೇಳು."

ಫಕೀರವ್ವ ನೆಲ ನೋಡಿದಳು.

"ಹೆಂಗ ಹೇಳ್ಲಿ? ನಾನು ಒಂದೂವರಿ ವರ್ಷದಾಕಿ ಇದ್ದಾಗ ಅವ್ವ ಹೋದ್ಲು. ಆಕಿ ದನಿ ಹೆಂಗಿತ್ತು ಅಂತ ಕೇಳಾಕ ಬಂದೇನಿ ನಾನು. ಒಂದು ಫೋಟೋನೂ ಇಲ್ರೀ ನಮ್ಮನ್ಯಾಗ."

ಆದರೂ ಹಾಡುಗಳನ್ನು ಹಚ್ಚಿದರು. ಒಂದೊಂದು ಪದ ಶುರುವಾದಾಗಲೂ ಫಕೀರವ್ವ ಮುಂದಕ್ಕೆ ಬಾಗಿ, "ಇದಾ?" ಎಂದು ಅವರನ್ನೇ ಕೇಳುತ್ತಿದ್ದಳು. ಹೇಳುವವರು ಯಾರು? ಗುರುಗಳು ಈ ಆಶ್ರಮಕ್ಕೆ ಬಂದದ್ದೇ ಅದಾದ ಮೇಲೆ. ಆ ಕ್ಯಾಸೆಟ್ಟು ಮಾಡಿಸಿದ ಹಿರಿಯ ಸ್ವಾಮಿಗಳು ತೀರಿಕೊಂಡು ಎಷ್ಟೋ ವರ್ಷವಾಗಿತ್ತು.

ಹನ್ನೊಂದೂ ಮುಗಿದವು. ಫಕೀರವ್ವ ಸೆರಗಿನಲ್ಲಿ ಮೂಗು ಒರೆಸಿಕೊಂಡು ನಗಲು ನೋಡಿದಳು.

"ಇರ್ಲಿ ಬಿಡ್ರಿ. ಇದರಾಗ ಒಬ್ಬಾಕಿ ನಮ್ಮವ್ವ ಅದಾಳಲ್ಲ. ಹನ್ನೊಂದೂ ಕೇಳಿದೆ ಅಂದ್ರ ಆಕಿದೂ ಕೇಳಿದಂಗ ಆತು."

ಗುದ್ನೇಶ ಎದ್ದ. ಗುರುಗಳನ್ನು ಪಡಸಾಲೆಯ ಮೂಲೆಗೆ ಕರೆದೊಯ್ದು ಪಿಸುಗುಟ್ಟಿದ.

"ನಾಕನೇ ಪದದ ದನಿ ಭಾಳ ಚಂದ ಐತ್ರಿ. ಅದ ನಿಮ್ಮವ್ವ ಅಂತ ಹೇಳಿಬಿಡ್ಲೇನು? ಪಾಪ, ಖುಷಿಲೆ ಹೋಗತಾಳ."

"ಹೇಳು. ಹಂಗ ನಿನಗೂ ಒಬ್ಬಾಕಿ ತಾಯಿನ್ನ ಆರಿಸಿ ಕೊಡ್ತೀನಿ. ದಂಡಿ ಮ್ಯಾಲ ಆರು ಮಂದಿ ಅರಿವಿ ಒಗ್ಯಾಕ ಕುಂತಾರ. ಚಂದ ಇದ್ದಾಕಿನ್ನ ತಗೋ."

ಗುದ್ನೇಶ ತಲೆ ತಗ್ಗಿಸಿದ. ತಿರುಗಿ ಬಂದು ಫಕೀರವ್ವನ ಮುಂದೆ ಕೂತ.

"ತಪ್ಪು ನಂದವ್ವಾ. ನಿಮ್ಮವ್ವನ ಹೆಸರು ನನ್ನ ಕೈಯಾಗಿತ್ತು. ನಾನ ಅಳಿಸಿದೆ."

ಗುರುಗಳು ಕೋಲು ಹುಡುಕುತ್ತ ಕೇಳಿದರು. "ಅವತ್ತು ನಿಮ್ಮವ್ವನ ಜೋಡಿ ಬಂದವರು ಯಾರರ ಉಳದಾರೇನಬೇ?"

"ನಮ್ಮೂರಾಗ ಬಾಳವ್ವ ಅಂತ ಒಬ್ಬಾಕಿ ಅದಾಳ್ರಿ. ಆದ್ರ ಕಿವಿ ಮಂದ. ಅದಕ್ಕ ಆಕಿಗೆ ಏನು ಕೇಳೂದು ಅಂತ ಬಿಟ್ಟೆ."

"ನಡೀರಿ. ನಾನೂ ಬರತೀನಿ."

ಮೂವರೂ ಹರಿಗೋಲು ಹತ್ತಿದರು. ಬುಟ್ಟಿಯಂಥ ದೋಣಿ ನಡು ಹೊಳೆಯಲ್ಲಿ ತಿರುಗುತ್ತಿರುವಾಗ ಗುದ್ನೇಶ ಮೆಲ್ಲಗೆ ಬಾಯಿ ಬಿಟ್ಟ.

"ಹೆಸರು ಸಿಕ್ಕರೂ ಹೆಂಗ ಬರೀಲ್ರಿ ಗುರುಗಳ? ಬ್ಯಾರೆ ಬ್ಯಾರೆ ಬರದ್ರ ಆಲ್ಬಂ ಮತ್ತ ಒಡೀತೈತಿ."

"ನಿಮ್ಮ ಮನಿ ಬಾಗಲ ಮ್ಯಾಲ ಏನು ಬರದೀರಿ?"

"ಹೂಗಾರ ನಿಲಯ ಅಂತ."

"ಒಳಗಿದ್ದವರನ್ನ ಹೆಂಗ ಕರೀತಿ? ಹೂಗಾರ ನಿಲಯ, ಊಟಕ್ಕ ಬಾ ಅಂತೀಯೇನು?"

"ಇಲ್ರೀ, ಹೆಸರು ಹಿಡದ ಕರೀತೀನಿ."

"ಮನಿಗೆ ಹೆಸರು ಬೇಕಪಾ, ಬ್ಯಾಡ ಅನ್ನಾಂಗಿಲ್ಲ. ಆದ್ರ ಅದನ್ನ ಬಾಗಲಕ್ಕ ಬರಿ. ಮಂದಿ ಹಣಿ ಮ್ಯಾಲ ಯಾಕ ಬರೀತಿ? ನಿನ್ನ ಯಂತ್ರದಾಗ ಬಾಗಲಕ್ಕ ಬರಿಯೋ ಜಾಗ ಇಲ್ಲೇನು?"

ಗುದ್ನೇಶ ಹಾಡುಗಳನ್ನೆಲ್ಲ ಇಳಿಸಿಕೊಂಡಿದ್ದ ಫೋನು ತೆಗೆದು ನೋಡಿದ. 'ಗಾಯಕರು' ಎಂಬ ಜಾಗದ ಕೆಳಗೆ 'ಆಲ್ಬಂ ಗಾಯಕರು' ಎಂಬ ಇನ್ನೊಂದು ಜಾಗ ಖಾಲಿ ಬಿದ್ದಿತ್ತು. ವರ್ಷವಿಡೀ ಅವನ ಕಣ್ಣೆದುರೇ ಇದ್ದದ್ದು.

"ಐತ್ರಿ" ಎಂದ. "ನೋಡಿರಲಿಲ್ಲ."

"ಕಣ್ಣಿಗೆ ಪೊರಿ ಬಂದದ್ದು ನನಗ ಅಂದ್ಕೊಂಡಿದ್ದೆ."

ನಾಟಕದ ಹಾಡುಗಳಿಗೆ ಏನು ಮಾಡಬೇಕೆಂದು ಅವನು ಮತ್ತೆ ಕೇಳಲಿಲ್ಲ. ಬಾಗಿಲಿಗೆ ನಾಟಕದ ಹೆಸರು, ಒಳಗೆ ಹಾಡಿದವರ ಹೆಸರು. ಈಗ ತಾನಾಗಿಯೇ ತಿಳಿಯಿತು.

ಬಾಳವ್ವ ಜಗಲಿಯ ಮೇಲೆ ಕೂತು ಹುಣಸೆಹಣ್ಣು ಬಿಡಿಸುತ್ತಿದ್ದಳು. ಎಂಬತ್ತು ದಾಟಿತ್ತು. ಬಂದದ್ದೇಕೆಂದು ಫಕೀರವ್ವ ಮೂರು ಸಲ ಕೂಗಿ ಹೇಳಿದರೂ "ಊಟ ಆತೇನು?" ಎಂದು ಕೇಳಿದಳು. ಗುದ್ನೇಶ ಇಯರ್ ಫೋನನ್ನು ಅವಳ ಎರಡೂ ಕಿವಿಗೆ ಸಿಕ್ಕಿಸಿ, ದನಿಯನ್ನು ಪೂರ್ತಿ ಏರಿಸಿದ.

ಮುದುಕಿಯ ಕೈ ಹಣ್ಣಿನ ಮೇಲೇ ನಿಂತಿತು.

"ಅಯ್ಯ! ಇದು ಹುಲಿಗೆವ್ವ!"

ಗುದ್ನೇಶ ಬರೆದುಕೊಂಡ. ಎರಡನೆಯದಕ್ಕೂ ಮೂರನೆಯದಕ್ಕೂ ಮುದುಕಿ ಥಟ್ಟನೆ ಹೆಸರು ಹೇಳಿದಳು. ನಾಲ್ಕನೆಯದಕ್ಕೆ ಬಾಯಿಯ ಮೇಲೆ ಸೆರಗು ಇಟ್ಟುಕೊಂಡು ನಕ್ಕಳು.

"ಇದು ನಾನ!"

ಗುರುಗಳು ಕೋಲಿನ ತುದಿಯಿಂದ ಗುದ್ನೇಶನ ಕಾಲು ತಿವಿದರು.

ಒಂಬತ್ತನೆಯದು ಬಂತು. ಚಂದದ ದನಿಯೇನಲ್ಲ. ಸ್ವಲ್ಪ ಒಡಕು, ಮೇಲಕ್ಕೆ ಹೋದಾಗ ನಡುಗುತ್ತಿತ್ತು. ಬಾಳವ್ವ ಕಣ್ಣು ಮುಚ್ಚಿ ಕೇಳಿದಳು. ಆಮೇಲೆ ಫಕೀರವ್ವನ ಕೈ ಹಿಡಿದು ಹತ್ತಿರ ಎಳೆದು ಕೂರಿಸಿಕೊಂಡಳು.

"ಬಾರಬೇ. ಈಕಿನ ನಿಮ್ಮವ್ವ."

ಇಯರ್ ಫೋನು ತೆಗೆದು ಎಲ್ಲರಿಗೂ ಕೇಳುವಂತೆ ಹಚ್ಚಿದರು.

*ಕಲ್ಲವ್ವ ಮೆಲ್ಲಕ ತಿರುಗ, ಕೂಸು ಈಗಷ್ಟ ಕಣ್ಣ ಮುಚ್ಚೈತಿ*

ಫಕೀರವ್ವ ಫೋನಿನ ಹತ್ತಿರ ಬಾಗಿದಳು. ಮೂವತ್ನಾಲ್ಕು ವರ್ಷ ಕಾದ ದನಿ ಅದು. ಅವಳ ಕೆನ್ನೆಯ ಮೇಲೆ ನೀರು ಇಳಿಯುತ್ತಿತ್ತು, ಒರೆಸಿಕೊಳ್ಳಲಿಲ್ಲ.

ಪದದ ನಡುವೆ, ಆಶ್ರಮದಲ್ಲಿ ಕೇಳಿದಾಗ ಯಾರೂ ಗಮನ ಕೊಡದಿದ್ದ ಒಂದು ಸಣ್ಣ ಸದ್ದು. ಒಂದು ಕೂಸು ಕುಂಯ್ ಎಂದು ಅತ್ತಿತು. ಹಾಡು ಅರೆಗಳಿಗೆ ನಿಂತಿತು. ಬೆನ್ನು ತಟ್ಟಿದ ಸದ್ದು ಎರಡು ಸಲ ಕೇಳಿಸಿತು. ಮತ್ತೆ ಹಾಡು ಮುಂದುವರಿಯಿತು.

ಸದ್ದು ಕಿವಿಗೆ ಬೀಳದಿದ್ದರೂ ಎಲ್ಲರ ಮುಖ ನೋಡಿ ಬಾಳವ್ವನಿಗೆ ಗೊತ್ತಾಯಿತು.

"ಕೂಸು ಅತ್ತಿತೇನು? ಅಳಬೇಕದು. ಕೂಸನ್ನ ಹೊರಗ ಕೊಟ್ಟು ಬಾರವ್ವ ಅಂತ ಸ್ವಾಮಿಗಳು ಹೇಳಿದ್ರು. ಗಾಳೆವ್ವ ಕೊಡಲಿಲ್ಲ. ತೊಡಿ ಮ್ಯಾಲ ಇಟಗೊಂಡ ಹಾಡ್ತೀನಿ, ಇಲ್ಲಾಂದ್ರ ಹಾಡಾಂಗಿಲ್ಲ ಅಂದ್ಲು."

"ಯಾರ ಕೂಸು ಅದು?" ಫಕೀರವ್ವ ಮುದುಕಿಯ ಕಿವಿಯ ಹತ್ತಿರ ಬಾಗಿ ಕೂಗಿ ಕೇಳಿದಳು.

"ಆಕಿಗೆ ಎಷ್ಟು ಮಂದಿ ಮಕ್ಕಳಿದ್ರಬೇ? ನೀ ಒಬ್ಬಾಕಿನ ಅಲ್ಲೇನು?"

ಫಕೀರವ್ವ ಮುದುಕಿಯ ತೊಡೆಯ ಮೇಲೆ ಮುಖವಿಟ್ಟು ಬಿಕ್ಕಿ ಬಿಕ್ಕಿ ಅತ್ತಳು. ಗುದ್ನೇಶನೂ ಅತ್ತ. ಹೊಳೆಯ ಕಡೆಯಿಂದ ಗಾಳಿ ಬೀಸುತ್ತಿತ್ತು.

ಸ್ವಲ್ಪ ಹೊತ್ತಿನ ಮೇಲೆ ಗುದ್ನೇಶ ಫೋನು ಕೈಗೆತ್ತಿಕೊಂಡ. ಆಲ್ಬಂ ಗಾಯಕರು ಎಂಬ ಕಡೆ ವಿವಿಧ ಗಾಯಕರು ಎಂದು ಬರೆದ. ಒಂಬತ್ತನೆಯ ಪದದ ಗಾಯಕರು ಎಂಬ ಕಡೆ ಒಂದೊಂದೇ ಅಕ್ಷರ ನೋಡಿ ಒತ್ತಿ ಬರೆದ. ಯಂತ್ರ ಓದಿತು.

"ಒಂಬತ್ತನೆಯ ಪದ. ಗಾಯಕರು, ಗಾಳೆವ್ವ."

ಫಕೀರವ್ವ ಎದ್ದು ಕೂತಳು. ಮುಖ ಒರೆಸಿಕೊಂಡು, ತಪ್ಪು ಮಾಡಿದವಳಂತೆ ಗುರುಗಳ ಕಡೆ ನೋಡಿದಳು.

"ಆಕಿ ಹಾಡಿದ್ದ ಒಂದು ಪದ ರೀ. ಅದನ್ನೂ ನಾನು ಅತ್ತು ಕೆಡಿಸಿಬಿಟ್ಟೆ."

ಗುರುಗಳು ಶಿಷ್ಯನ ಕಡೆ ತಿರುಗಿದರು.

"ಗುದ್ನೇಶ, ಇನ್ನೊಂದು ಹೆಸರು ಬಿಟ್ಟೀಯಲ್ಲೋ. ಗಾಳೆವ್ವ ಮತ್ತು ಫಕೀರವ್ವ ಅಂತ ಬರಿ."