ಮಡಿವಾಳರ ಓಬಳ ಸಿಡುಬಿನ ಕೋಣೆ ಹೊಕ್ಕ ಕತೆ

"ಕೇಳ್ರಪ್ಪೋ ಕೇಳಿ! ರಾಜಕುಮಾರಿ ರತುನಮಾಲೆಯ ಅಪ್ಪಣೆ! ಮೂರು ವರುಷದ ಯುವರಾಜ ಹಾಸಿಗೆ ಹಿಡಿದಿದ್ದಾನೆ. ಮೂರು ಒಗಟು ಬಿಡಿಸಿದವನು ಅವನ ಆರೈಕೆಗೆ ಹೋಗತಕ್ಕದ್ದು. ಕೂಸು ಉಳಿದರೆ ಅರ್ಧ ರಾಜ್ಯ, ರಾಜಕುಮಾರಿಯೊಡನೆ ಲಗ್ನ. ತಪ್ಪು ಹೇಳಿದವನಿಗೆ ಅಮಾವಾಸ್ಯೆಯ ದಿನ ತಲೆದಂಡ!"

ಆ ಡಂಗುರದ ಸದ್ದಿಗೆ ಏಳು ಗಾವುದ ಆಚೆ ಹಲಸಿನ ಕಾಯೆಲ್ಲ ಹಣ್ಣಾಗಿ ಉದುರಿದವು. ಅರಮನೆಯ ಬಟ್ಟೆ ಮೂಟೆ ಹೊತ್ತು ಬಂದಿದ್ದ ಮಡಿವಾಳರ ಓಬಳ ಬಾಗಿಲಲ್ಲೇ ನಿಂತ. ಅವನ ಕೇರಿಯಲ್ಲಿ ಆ ವರುಷ ಹತ್ತು ಕೂಸು ಮಲಗಿದರೆ ಎದ್ದದ್ದು ಆರೋ ಏಳೋ.

ಮೊದಲು ಬಂದವನು ಪಕ್ಕದ ರಾಜ್ಯದ ಯುವರಾಜ. ಅವನ ಮೀಸೆಯ ತುದಿ ಹಿಡಿಯಲಿಕ್ಕೇ ಇಬ್ಬರು ಆಳು!

"ಹೆತ್ತವಳಲ್ಲ, ಆದರೂ ಊರೆಲ್ಲ ಅಮ್ಮ ಅಂತದೆ. ಅವಳು ಅಪ್ಪಿಕೊಂಡರೆ ಮಕ್ಕಳು ಉಳಿಯೋದು ಕಷ್ಟ. ಯಾರವಳು?" ಎಂದಳು ರತುನಮಾಲೆ.

"ಮಲತಾಯಿ!"

ಪಕ್ಕದಲ್ಲೇ ಕೂತಿದ್ದ ಕಿರಿಯ ರಾಣಿ ಅವನನ್ನು ಕಣ್ಣಲ್ಲೇ ಹುರಿದಳು. ಮೀಸೆ ಸಮೇತ ಸೆರೆಮನೆ ಸೇರಿದ.

ಆಮೇಲೆ ಆಸ್ಥಾನದ ವೈದ್ಯ ಬಂದ. "ಅದು ಸಿಡುಬು. ಜನ ಹೆದರಿ ಅಮ್ಮ ಅಂತಾರೆ," ಅಂದ, ಒಂದು ಹೆಜ್ಜೆ ಹಿಂದಕ್ಕಿಟ್ಟು.

"ಸರಿ. ಬಟ್ಟೆ ಕುಡಿದರೆ ಸೆಟೆದು ನಿಲ್ಲುತ್ತೆ, ಕೂಸು ಕುಡಿದರೆ ಎದ್ದು ಕೂರುತ್ತೆ. ಏನದು?"

"ಅಮೃತ!"

"ಅಮೃತದಲ್ಲಿ ಅದ್ದಿದ ಪಂಚೆ ಉಟ್ಟವರನ್ನ ನಾ ಕಾಣೆ, ವೈದ್ಯರೇ."

ಓಬಳ ಕಿಸಕ್ಕನೆ ನಕ್ಕುಬಿಟ್ಟ.

"ಯಾರಲೇ ಅದು?" ರಾಜ ಗುಡುಗಿದ.

"ನಾನು ಬುದ್ಧಿ, ಓಬಳ. ಅದು ಗಂಜಿ. ನಿಮ್ಮ ರುಮಾಲಿಗೆ ದಿನಾ ಹಾಕೋನು ನಾನೇ ಅಲ್ವರಾ?"

ರತುನಮಾಲೆ ಸಿಂಹಾಸನದ ಮೆಟ್ಟಿಲಿಳಿದು ಹತ್ತಿರ ಬಂದಳು. ತಮ್ಮನ ಕೋಣೆಯಿಂದ ದಾಸಿಯರೆಲ್ಲ ಓಡಿಹೋಗಿ ಎರಡು ದಿನವಾಗಿತ್ತು. ಮೂರನೆಯ ಒಗಟು ಕೇಳಿದಳು: "ಹುಲಿಯ ಗವಿಗೆ ಹೋಗಿ, ಹುಲಿಬಾಯಲ್ಲಿರೋ ಕೂಸಿನ ಪಕ್ಕ ಕೂತು, ಒಂದು ಗೀರೂ ಇಲ್ಲದೆ ಬರೋನು ಯಾರು?"

ಓಬಳ ಮುಖ ಬೆಳಕಿಗೆ ತಿರುಗಿಸಿದ. ಮುಖದ ತುಂಬ ಸಿಡುಬಿನ ಕಲೆ. "ಹುಲಿ ಒಂದ್ಸಲ ತಿಂದು ಉಗುಳಿದೋನು, ಅಮ್ಮಣ್ಣಿ. ಈ ರೋಗ ಒಬ್ಬನಿಗೆ ಎರಡು ಸಲ ಬರಾಕಿಲ್ಲ. ಬಾಯಲ್ಲೂ ಬೊಕ್ಕೆ ಎದ್ದು, ನುಂಗಲಾರದೆ ಒಣಗಿ ಹೋಯ್ತವೆ ಮಕ್ಕಳು. ನಮ್ಮವ್ವ ಒಳಲೆಯಲ್ಲಿ ತೊಟ್ಟು ತೊಟ್ಟೇ ಗಂಜಿ ತಿಳಿ ಬಿಟ್ಟು ನನ್ನ ಉಳಿಸಿಕೊಂಡಳು. ಬಾಗಿಲು ತೆಗೆಸಿ."

ಒಂಬತ್ತು ದಿನ ಒಳಗೇ ಕೂತ. ಹತ್ತನೆಯ ದಿನ ಕೋಣೆಯಿಂದ ಪುಟ್ಟ ದನಿ ಕೇಳಿತು: "ಥೂ, ಇದಕ್ಕೆ ಉಪ್ಪೇ ಇಲ್ಲ!"

ರಾಜ ಕುಣಿದ ಕುಣಿತಕ್ಕೆ ಕಿರೀಟ ಹಾರಿ ಗಿಣಿಯ ಪಂಜರಕ್ಕೆ ಸಿಕ್ಕಿಕೊಂಡಿತು. "ಅರ್ಧ ರಾಜ್ಯ ನಿನ್ನದು! ಇನ್ನೇನು ಬೇಕು ಕೇಳಪ್ಪಾ!"

"ತಪ್ಪು ಹೇಳಿದೋರ ತಲೆ ಕೊಡಿ ಬುದ್ಧಿ."

ಸಭೆ ಬೆಚ್ಚಿತು.

"ಹೆಗಲ ಸಮೇತ ಕೊಡಿ. ಕೇರಿಯಲ್ಲಿ ಇನ್ನೂ ನಲವತ್ತು ಕೂಸು ಮಲಗ್ಯವೆ. ಇವರು ಬಾಗಿಲ ತನಕ ಗಂಜಿ ಗಡಿಗೆ ಹೊರಲಿ. ಒಳಕ್ಕೆ ನನ್ನಂಥ ಕಲೆ ಮುಖದೋರು ಹೋಯ್ತೀವಿ."

ನಲವತ್ತರಲ್ಲಿ ಮೂವತ್ತೆಂಟು ಎದ್ದವು. ಏಳದ ಎರಡು ಕೂಸಿನ ಮನೆ ಮುಂದೆ ಮದುವೆಯ ವಾಲಗ ನಿಲ್ಲಿಸಿ, ಓಬಳ ರತುನಮಾಲೆಯ ಕೈ ಹಿಡಿದು ಬರಿಗಾಲಲ್ಲಿ ನಡೆದ. ಆಮೇಲೆ ಆ ಮೂವತ್ತೆಂಟು ಪೋರರು ಪಂಕ್ತಿಗೆ ಕೂತು ತಲೆಗೆ ಹನ್ನೆರಡು ಹೋಳಿಗೆ ಮುಗಿಸಿ "ಇನ್ನೂ" ಅಂದದ್ದೇ ತಡ, ಅರಮನೆಯ ಅಡುಗೆಯವರು ಸೌಟು ಬಿಸಾಕಿ ಓಡಿದರು.