ಮಾತಾಡುವ ಪುಸ್ತಕ

ಕೃಷ್ಣಾ ನದಿಯ ದಂಡೆಯಲ್ಲಿ ಒಂದು ಆಶ್ರಮವಿತ್ತು. ಅಲ್ಲಿದ್ದ ಗುರುಗಳ ಹೆಸರು ಶಂಭುಲಿಂಗಯ್ಯ. ಸುತ್ತಲಿನ ಜನ ಅವರನ್ನು ತಾತ ಎಂದು ಕರೆಯುತ್ತಿದ್ದರು. ಶಿಷ್ಯ ಅಡಿವೆಪ್ಪನೂ ಹಾಗೆಯೇ ಕರೆಯುತ್ತಿದ್ದ.

ಚಿಕ್ಕ ಮಕ್ಕಳಿಗೆ ಓದು ಕಲಿಸುವುದು ಅಡಿವೆಪ್ಪನ ಪಾಲಿನ ಸೇವೆ. ಅವನು ಓದಿದವರ ಮನೆಯಲ್ಲಿ ಹುಟ್ಟಿದವನು. ತಾನು ಯಾವಾಗ ಓದಲು ಕಲಿತೆ ಎಂಬುದೇ ಅವನಿಗೆ ನೆನಪಿರಲಿಲ್ಲ.

ಅವನ ಬಳಿ ಕಲಿಯುವ ಮಕ್ಕಳಲ್ಲಿ ದ್ಯಾವಮ್ಮ ಎಂಬ ಹುಡುಗಿಯೊಬ್ಬಳಿದ್ದಳು. ನದಿಯ ನಡುಗಡ್ಡೆಯಲ್ಲಿ ಮೀನು ಹಿಡಿದು ಬದುಕುವ ಅಯ್ಯಾಳಪ್ಪನ ಮಗಳು. ದಿನಾ ಬೆಳಿಗ್ಗೆ ಅವನೇ ಅವಳನ್ನು ತೆಪ್ಪದಲ್ಲಿ ಕೂರಿಸಿಕೊಂಡು ಬಂದು ದಂಡೆಗೆ ಇಳಿಸಿ ಹೋಗುತ್ತಿದ್ದ.

ದ್ಯಾವಮ್ಮ ಚುರುಕು. ಆದರೆ ಅಕ್ಷರ ಮಾತ್ರ ಅವಳಲ್ಲಿ ನಿಲ್ಲುತ್ತಿರಲಿಲ್ಲ. ಇವತ್ತು ಕಲಿತದ್ದು ನಾಳೆಗೆ ಅಳಿಸಿಹೋಗುತ್ತಿತ್ತು.

ಹೀಗಿರುವಾಗ ಭಕ್ತರೊಬ್ಬರು ಆಶ್ರಮಕ್ಕೆ ಒಂದು ಟ್ಯಾಬ್ ತಂದುಕೊಟ್ಟರು. ಅದರ ತುಂಬ ಮಕ್ಕಳ ಪುಸ್ತಕಗಳು. ಸಾಲನ್ನು ಮುಟ್ಟಿದರೆ ಪುಸ್ತಕವೇ ಓದಿ ಹೇಳುತ್ತಿತ್ತು. ಓದುತ್ತಿರುವ ಪದಕ್ಕೆ ಬಣ್ಣ ಬರುತ್ತಿತ್ತು.

ಅಡಿವೆಪ್ಪ ಅದನ್ನು ಬೀರುವಿನಲ್ಲಿಟ್ಟು ಬೀಗ ಹಾಕಿದ.

ಕೆಲವು ದಿನಗಳ ನಂತರ ತಾತ ಕೇಳಿದರು, “ಮಕ್ಕಳ ಪುಸ್ತಕ ಬಂದಿದ್ದವಲ್ಲ, ಎಲ್ಲಿ?”

“ಅವು ಪುಸ್ತಕ ಅಲ್ಲ ತಾತಾ, ಯಂತ್ರ. ಅಕ್ಷರ ಗುರುವಿನ ಬಾಯಿಂದಲೇ ಬರಬೇಕು.”

ತಾತ ಒಳಗೆ ಹೋಗಿ ಒಂದು ಹಳೆಯ ಪುಸ್ತಕ ತಂದು ಅವನ ಕೈಗಿಟ್ಟರು.

“ಚಿಕ್ಕ ಮಕ್ಕಳ ಕಥೆ. ಓದಿ ಇಟ್ಟಿರು. ಸಂಜೆ ಕೇಳ್ತೀನಿ.”

ಅದು ಉರ್ದು ಪುಸ್ತಕ. ತಾತ ಬಾಲ್ಯದಲ್ಲಿ ಕಲಿತಿದ್ದು ಉರ್ದು ಶಾಲೆಯಲ್ಲಿ. ಅಡಿವೆಪ್ಪನಿಗೆ ಸಂತೆಯಲ್ಲಿ ಕಿವಿಗೆ ಬಿದ್ದಷ್ಟು ಉರ್ದು ಗೊತ್ತಿತ್ತು, ಲಿಪಿ ಗೊತ್ತಿರಲಿಲ್ಲ.

ಅವನು ದಿನವಿಡೀ ಅದನ್ನು ಹಿಡಿದು ಕೂತ. ಎಲ್ಲಿಂದ ಶುರುವಾಗುತ್ತದೆ ಎಂಬುದೇ ತಿಳಿಯಲಿಲ್ಲ. ಸಂಜೆ ತಾತ ಬಂದಾಗ ಪುಸ್ತಕದ ಕೊನೆಯ ಪುಟವನ್ನು ಮೊದಲ ಪುಟವೆಂದು ತೆರೆದುಕೊಂಡಿದ್ದ.

“ಏನು ಬರೆದಿದೆ?”

“ತಿಳಿಯಲಿಲ್ಲ ತಾತಾ. ಬರೀ ಗೀಟು, ಬರೀ ಚುಕ್ಕಿ.”

ತಾತ ಅವನ ಪಕ್ಕದಲ್ಲಿ ಕೂತರು. ಪುಸ್ತಕವನ್ನು ತಿರುಗಿಸಿ ಸರಿಯಾಗಿ ಇಟ್ಟರು. ಬಲಗಡೆಯಿಂದ ಬೆರಳು ಇಟ್ಟು ನಿಧಾನವಾಗಿ ಓದಿದರು.

“ಏಕ್ ಬುಢಿಯಾ ಥೀ. ಉಸ್‌ಕೀ ಏಕ್ ಬಕ್ರೀ ಥೀ.”

ಅಡಿವೆಪ್ಪನ ಮುಖ ಅರಳಿತು. “ಒಬ್ಬಳು ಮುದುಕಿ ಇದ್ದಳು. ಅವಳ ಹತ್ತಿರ ಒಂದು ಆಡಿತ್ತು. ತಾತಾ, ಇದು ನನಗೆ ಗೊತ್ತಿರೋ ಮಾತೇ!”

“ನಾನು ಓದಿ ತೋರಿಸದೇ ಇದ್ದಿದ್ದರೆ?”

“ವರ್ಷ ಕಳೆದರೂ ಗೀಟೇ ಆಗಿರ್ತಿತ್ತು.”

“ದ್ಯಾವಮ್ಮ ಸಂಜೆ ಗುಡಿಸಲಿಗೆ ಹೋಗಿ ಪುಸ್ತಕ ತೆರೀತಾಳೆ. ಓದು ಬಾರದವರ ಮನೆಯಲ್ಲಿ ಅವಳ ಪಕ್ಕ ಯಾರು ಬೆರಳಿಟ್ಟು ತೋರಿಸ್ತಾರೆ?”

ಅಡಿವೆಪ್ಪ ಎದ್ದು ಹೋಗಿ ಬೀರುವಿನ ಬೀಗ ತೆಗೆದ.

ಮಕ್ಕಳಿಗೆ ಟ್ಯಾಬ್ ಹಬ್ಬವಾಯಿತು. ಗುಂಪಾಗಿ ಸುತ್ತ ಕೂತು ಕೇಳುವರು, ಪುಸ್ತಕದ ಜೊತೆಗೇ ಹೇಳುವರು. ಗದ್ದಲವಿಲ್ಲ, ಜಗಳವಿಲ್ಲ. ಅಡಿವೆಪ್ಪನಿಗೆ ನೆಮ್ಮದಿ ಎನಿಸಿತು. ಮಕ್ಕಳ ಮುಂದೆ ಟ್ಯಾಬ್ ಇಟ್ಟು ತಾನು ಜಪಕ್ಕೆ ಕೂರಲು ಶುರುಮಾಡಿದ.

ಮಳೆಗಾಲಕ್ಕೆ ಮುಂಚೆ ಒಂದು ದಿನ ಅವನು ದ್ಯಾವಮ್ಮನನ್ನು ತಾತನ ಮುಂದೆ ನಿಲ್ಲಿಸಿದ.

“ಕೇಳ್ರಿ ತಾತಾ. ಇಡೀ ಪುಸ್ತಕ ಓದ್ತಾಳೆ.”

ದ್ಯಾವಮ್ಮ ಟ್ಯಾಬ್ ಹಿಡಿದು ಗಟ್ಟಿಯಾಗಿ ಓದಿದಳು. ಹೊಳೆ ನೋಡಲು ಹೊರಟ ಪುಟ್ಟ ಆಮೆಯ ಕಥೆ. ಒಂದು ಕಡೆಯೂ ತಡವರಿಸಲಿಲ್ಲ. ಪುಸ್ತಕದ ದನಿ ಎಲ್ಲಿ ಏರುತ್ತಿತ್ತೋ ಅಲ್ಲಿ ಇವಳ ದನಿಯೂ ಏರಿತು.

ತಾತ ಅವಳ ತಲೆ ಸವರಿದರು. ಬಗ್ಗಿ ಮರಳಿನ ಮೇಲೆ ಬೆರಳಿನಿಂದ ‘ಆಮೆ’ ಎಂದು ಬರೆದರು.

“ಇದೇನವ್ವಾ?”

ದ್ಯಾವಮ್ಮ ಮರಳನ್ನು ನೋಡಿದಳು. ತಾತನ ಮುಖ ನೋಡಿದಳು. ಮತ್ತೆ ಮರಳನ್ನು ನೋಡಿದಳು.

“ಚಿತ್ರ ಇಲ್ರೀ ತಾತಾ,” ಅಂದಳು.

ಅಡಿವೆಪ್ಪನ ಮುಖ ಕಪ್ಪಿಟ್ಟಿತು. ಅದನ್ನು ನೋಡಿ ಹುಡುಗಿ ಅಳತೊಡಗಿದಳು. ತಾತ ಅವಳಿಗೆ ಬೆಲ್ಲ ಕೊಟ್ಟು, ಆಡಿಕೊಳ್ಳಲು ಕಳಿಸಿದರು.

“ನಾನು ಮೊದಲೇ ಹೇಳಿದ್ದೆ ತಾತಾ,” ಎಂದ ಅಡಿವೆಪ್ಪ. “ಇದು ಗಿಣಿಪಾಠ. ಮತ್ತೆ ಬೀಗ ಹಾಕಿಬಿಡ್ತೀನಿ.”

“ಅವಳು ಇದನ್ನ ಕೇಳ್ತಾ ಕೂತಾಗ ನೀನು ಎಲ್ಲಿದ್ದಿ?”

“ಜಪಕ್ಕೆ ಕೂತಿದ್ದೆ.”

“ಕಣ್ಣು ಮುಚ್ಚಿಕೊಂಡು?”



ಮರುದಿನದಿಂದ ಅಡಿವೆಪ್ಪ ದ್ಯಾವಮ್ಮನ ಪಕ್ಕದಲ್ಲೇ ಕೂತ. ಪುಸ್ತಕ ಒಂದು ಸಾಲು ಓದಿದ ಕೂಡಲೇ ನಿಲ್ಲಿಸುವನು. ಪದದ ಕೆಳಗೆ ಬೆರಳಿಡಲು ಹೇಳುವನು. ಆಮೆ ಯಾಕೆ ಹೊರಟಿತು, ಮುಂದೆ ಏನಾಗಬಹುದು ಎಂದು ಕೇಳುವನು. ಆಮೇಲೆ ದನಿ ಬಂದ್ ಮಾಡಿ, ಅದೇ ಸಾಲನ್ನು ಅವಳಿಂದ ಓದಿಸುವನು.

ಅಕ್ಷರಗಳು ಒಂದೊಂದಾಗಿ ನಿಲ್ಲತೊಡಗಿದವು.

ಆದರೆ ಅಡಿವೆಪ್ಪನಿಗೆ ತಾಳ್ಮೆ ಕಡಿಮೆ. ಅವಳು ತಪ್ಪಿದರೆ ಅವನ ಹುಬ್ಬು ಮೇಲೇರುತ್ತಿತ್ತು. ದ್ಯಾವಮ್ಮ ಅಕ್ಷರ ನೋಡುವುದನ್ನು ಬಿಟ್ಟು ಅವನ ಹುಬ್ಬನ್ನೇ ನೋಡುತ್ತಿದ್ದಳು.

ಅಷ್ಟರಲ್ಲಿ ಮೇಲಿನ ಸೀಮೆಯಲ್ಲಿ ಮಳೆ ಹಿಡಿಯಿತು. ನದಿಯ ನೀರು ಕೆಂಪಾಯಿತು. ಅಯ್ಯಾಳಪ್ಪ ಬಂದು ಕೈಮುಗಿದ.

“ಇನ್ನ ಮಗಳನ್ನ ಕರಕೊಂಡು ಬರಾಕ ಆಗಂಗಿಲ್ರೀ ತಾತಾ. ಹೊಳಿ ಇಳಿಯೋ ತನಕ ನಾವು ಆ ಕಡೆ, ನೀವು ಈ ಕಡೆ.”

ತಾತ ಅಡಿವೆಪ್ಪನತ್ತ ತಿರುಗಿದರು. “ಟ್ಯಾಬ್ ಅವಳ ಕೈಗೆ ಕೊಡು.”

“ತಾತಾ, ನೀರು, ಗಾಳಿ. ಹಾಳಾದರೆ? ಇಲ್ಲಿ ಉಳಿದ ಮಕ್ಕಳಿಗೂ ಬೇಕಲ್ಲ?”

“ಈ ಕಡೆಯ ಮಕ್ಕಳಿಗೆ ನೀನಿದ್ದೀಯ.”

ಅಡಿವೆಪ್ಪ ಮನಸ್ಸಿಲ್ಲದ ಮನಸ್ಸಿನಿಂದ ಟ್ಯಾಬನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿದ. ಬಿಸಿಲಿಗೆ ಇಟ್ಟರೆ ಸಾಕು ಎಂದು ಹೇಳಿ, ಅದರ ಜೊತೆಗೇ ಬಂದಿದ್ದ ಸೋಲಾರ್ ಚಾರ್ಜರನ್ನೂ ಕೊಟ್ಟ. ದ್ಯಾವಮ್ಮ ಅದನ್ನು ಎದೆಗವಚಿಕೊಂಡು ತೆಪ್ಪದಲ್ಲಿ ಕೂತಳು.

ಆ ವರ್ಷ ನದಿ ಬೇಗ ಇಳಿಯಲಿಲ್ಲ. ಅಣೆಕಟ್ಟಿನಿಂದ ನೀರು ಬಿಡುತ್ತಲೇ ಇದ್ದರು. ನಡುಗಡ್ಡೆಯ ಅಂಚಿನ ಜಾಲಿಮರಗಳು ಕುತ್ತಿಗೆಯವರೆಗೆ ಮುಳುಗಿದವು.

ಒಂದು ದಿನ ಆ ಕಡೆಯಿಂದ ಫೋನಿನಲ್ಲಿ ಸುದ್ದಿ ಬಂತು. ಕೊಚ್ಚಿಹೋಗುತ್ತಿದ್ದ ಬಲೆಯನ್ನು ತರಲು ತೆಪ್ಪ ಬಿಟ್ಟ ಅಯ್ಯಾಳಪ್ಪ ಮರಳಿ ಬರಲಿಲ್ಲ.

ತಾತ ಆ ದಿನ ಊಟ ಮಾಡಲಿಲ್ಲ. ದಂಡೆಯ ಕಲ್ಲಿನ ಮೇಲೆ ನಡುಗಡ್ಡೆಯ ಕಡೆ ಮುಖ ಮಾಡಿ ಕೂತೇ ಇದ್ದರು. ಅಡಿವೆಪ್ಪನೂ ಹಿಂದೆ ಕೂತ. ಹೋಗುವ ದಾರಿ ಇರಲಿಲ್ಲ.

ನೀರು ಇಳಿದ ಮೇಲೆ ಮೊದಲ ತೆಪ್ಪದಲ್ಲೇ ಅಡಿವೆಪ್ಪ ಹೊರಟ. ತಾತ ಒಂದು ಚೀಲ ಜೋಳ ಕೊಟ್ಟು ಕಳಿಸಿದರು.

ಗುಡಿಸಲ ಮುಂದೆ ಅಯ್ಯಾಳಪ್ಪನ ಹೆಂಡತಿ ಹುಲಿಗೆಮ್ಮ ಕೂತಿದ್ದಳು. ಹಣೆ ಬರಿದಾಗಿತ್ತು. ಅಡಿವೆಪ್ಪನನ್ನು ಕಂಡು ಎದ್ದು ಚಾಪೆ ಹಾಸಿದಳು. ಅವನು ಜೋಳದ ಚೀಲವನ್ನು ಅವಳ ಮುಂದಿಟ್ಟು ಕೂತ.

ದ್ಯಾವಮ್ಮ ಒಳಗಿಂದ ಟ್ಯಾಬ್ ತಂದಳು. ಮೂಲೆಯಲ್ಲಿ ಗಾಜು ಬಿರುಕು ಬಿಟ್ಟಿತ್ತು.

“ಓದಲೇನ್ರೀ?” ಎಂದು ಕೇಳಿದಳು.

ಅವನು ಬೇಡ ಅನ್ನಬೇಕೆಂದಿದ್ದ. ಅಷ್ಟರಲ್ಲಿ ಅವಳು ಕೂತುಬಿಟ್ಟಿದ್ದಳು.

ಅದು ಆಮೆಯ ಕಥೆಯಲ್ಲ. ಅವನು ಎಂದೂ ಕಲಿಸದ ಪುಸ್ತಕ. ಪುಸ್ತಕದ ದನಿ ಬಂದ್ ಆಗಿತ್ತು. ದ್ಯಾವಮ್ಮ ಪದದ ಕೆಳಗೆ ಬೆರಳಿಟ್ಟು ಓದಿದಳು. ನಿಂತಳು, ತಡವರಿಸಿದಳು. ತಿಳಿಯದ ಕಡೆ ಆ ಪದವನ್ನೊಮ್ಮೆ ಮುಟ್ಟಿದಳು, ಪುಸ್ತಕ ಹೇಳಿತು, ಮತ್ತೆ ತಾನೇ ಓದಿದಳು. ಅವನ ಮುಖದ ಕಡೆ ಒಮ್ಮೆಯೂ ನೋಡಲಿಲ್ಲ.

ಓದು ಮುಗಿದ ಮೇಲೆ ಅಡಿವೆಪ್ಪ ಅವಳನ್ನು ಕೇಳಿದ,

“ಇಷ್ಟೆಲ್ಲ ಹೆಂಗ ಕಲಿತಿ?”

“ತಪ್ಪಿದರ ಇದು ಬಯ್ಯಂಗಿಲ್ರೀ. ಎಷ್ಟು ಸಲ ಮುಟ್ಟಿದರೂ ಹೇಳತೈತಿ.”

ಹುಲಿಗೆಮ್ಮ ಮೆಲ್ಲಗೆ ಹೇಳಿದಳು, “ಅವರು ಹೋದಮ್ಯಾಗ ನಾನು ಮಾತು ಬಿಟ್ಟಿದ್ದೆ ನೋಡ್ರೀ. ಒಲಿ ಹಚ್ಚಾಕೂ ಮನಸ ಬರ್ತಿರಲಿಲ್ಲ. ಈಕಿ ಬಾಜೂಕ ಕೂತು ಇದನ್ನ ಹಚ್ಚಿದಳು. ಅದರಾಗ ಯಾರೋ ಹೆಣ್ಣುಮಗಳು ಓದತಾಳ. ಆಕಿ ಯಾರೋ ಏನೋ. ಅದನ್ನ ಸುಮ್ಮನ ಮಾಡು, ನೀ ಓದವ್ವಾ ಅಂದೆ. ಅವತ್ತಿಂದ ದಿನಾ ಓದತಾಳ.”

“ಸರಿಯಾಗಿ ಓದ್ತಾಳಾ ಅಂತ ನಿಮಗೆ ಹೆಂಗ ತಿಳೀತಿತ್ತು?”

“ನನಗೇನ ತಿಳೀತೈತ್ರೀ? ಆಕಿ ನಿಂತರ, ಮುಂದ ಓದು ಅಂತಿದ್ದೆ.”

ದ್ಯಾವಮ್ಮ ಪರದೆಯ ಮೇಲಿನ ಒಂದು ಗುರುತು ತೋರಿಸಿದಳು. “ಇದನ್ನ ಒತ್ತಿ ಓದಿದರ ನಮ್ಮ ದನಿ ಹಿಡೀತೈತ್ರೀ. ನಾನ ಕಂಡುಹಿಡಿದೆ.”

ಅವಳು ಒತ್ತಿದಳು. ಅವಳದೇ ದನಿ ಕೇಳಿಸಿತು. ತಡವರಿಕೆ, ಹಿಂದೆ ನದಿಯ ಮೊರೆತ, ನಡುವೆ ಒಮ್ಮೆ ಕೋಳಿಯ ಕೂಗು.

ಹೊರಡುವ ಹೊತ್ತಿಗೆ ಹುಲಿಗೆಮ್ಮ ಟ್ಯಾಬನ್ನು ಕೈಗೆ ತೆಗೆದುಕೊಂಡಳು. ಸೆರಗಿನಿಂದ ಒರೆಸಿದಳು. ಸ್ವಲ್ಪ ಹೊತ್ತು ಮಡಿಲಲ್ಲೇ ಇಟ್ಟುಕೊಂಡು ಕೂತಳು.

“ಆಶ್ರಮದ ವಸ್ತು. ಒಯ್ಯಿರಿ,” ಎಂದು ಅವನ ಕೈಗೆ ಕೊಟ್ಟಳು.

ಸಂಜೆ ಅಡಿವೆಪ್ಪ ತಾತನಿಗೆ ಎಲ್ಲವನ್ನೂ ಹೇಳಿದ. ದ್ಯಾವಮ್ಮನ ಓದನ್ನೂ ಕೇಳಿಸಿದ. ತಾತ ಕಣ್ಣು ಮುಚ್ಚಿ ಕೊನೆಯವರೆಗೆ ಕೇಳಿದರು.

“ಅವಳಿಗೆ ಓದು ಕಲಿಸಿದ್ದು ಯಾರು ತಾತಾ? ನಾನಂತೂ ದೂರದಲ್ಲಿದ್ದೆ. ಆ ತಾಯಿಗೆ ಒಂದಕ್ಷರ ಬರೋದಿಲ್ಲ. ಹಾಗಾದರೆ ಈ ಯಂತ್ರವೇ?”

“ಅವಳು ತಪ್ಪಿದಾಗ ಯಂತ್ರ ಏನು ಮಾಡಿತು?”

“ಪದ ಹೇಳಿಕೊಟ್ಟು ಸುಮ್ಮನಾಯಿತು.”

“ತಾಯಿ?”

“ಮುಂದೆ ಓದು ಅಂದಳು.”

“ನೀನು?”

ಅಡಿವೆಪ್ಪ ತಲೆ ತಗ್ಗಿಸಿದ. 

ಆಮೇಲೆ ಅವನು ಟ್ಯಾಬನ್ನು ಬಟ್ಟೆಯಲ್ಲಿ ಸುತ್ತುತ್ತ ಹೇಳಿದ, “ನಾಳೆಯಿಂದ ದ್ಯಾವಮ್ಮ ಬರ್ತಾಳೆ ತಾತಾ. ನೆರೆಮನೆಯವರು ತೆಪ್ಪದಲ್ಲಿ ಕರೆತರ್ತಾರಂತೆ. ಇನ್ನು ನಾನು ಹುಬ್ಬು ಏರಿಸೋದಿಲ್ಲ, ಪಕ್ಕದಲ್ಲೇ ಕೂರ್ತೀನಿ. ಇದರಲ್ಲಿ ತುಂಬಿರೋ ಅವಳ ದನಿಯನ್ನ ಅಳಿಸಿ, ಉಳಿದ ಮಕ್ಕಳಿಗೆ ಕೊಡ್ತೀನಿ.”

ತಾತ ಕೈಚಾಚಿ ಟ್ಯಾಬನ್ನು ತೆಗೆದುಕೊಂಡರು.

“ಉಳಿದ ಮಕ್ಕಳಿಗೆ ಇನ್ನೊಂದನ್ನ ಬೇಡಿ ತರೋಣ. ಇದನ್ನ ನಾಳೆ ಬೆಳಿಗ್ಗೆ ನೀನೇ ಹೋಗಿ ಅಲ್ಲೇ ಕೊಟ್ಟು ಬಾ. ಮಗಳು ಇಲ್ಲಿಗೆ ಬಂದಾಗ ಆ ತಾಯಿ ಮನೆಯಲ್ಲಿ ಯಾರ ದನಿ ಕೇಳಬೇಕು, ಅಡಿವೆಪ್ಪಾ?”