ಮಾತು ಬಿಟ್ಟ ಮಗಳು

ಶಿಷ್ಯೆಯೊಬ್ಬಳು ಗುರುಗಳನ್ನು ಕೇಳಿದಳು: "ಮನಸ್ಸು ನೊಂದ ಮಕ್ಕಳಿಗೆಂದು ಆರೈಕೆಯ ಮನೆ ನಡೆಸುತ್ತಿದ್ದೇನೆ. ಒಳ್ಳೆಯ ವೈದ್ಯರಿದ್ದಾರೆ. ಮಕ್ಕಳು ಗುಣವಾಗಿ ಮನೆಗೆ ಹೋಗುತ್ತವೆ, ಎರಡೇ ತಿಂಗಳಲ್ಲಿ ಮರಳಿ ಬರುತ್ತವೆ. ಇನ್ನೂ ಎಷ್ಟು ವೈದ್ಯರನ್ನು ಸೇರಿಸಬೇಕು?"

ಗುರುಗಳು ಒಂದು ಕತೆ ಹೇಳಿದರು.

ಮಗ್ಗದ ಕೆಲಸ ಮಾಡುವ ಒಬ್ಬ ಹೆಂಗಸಿಗೆ ಒಂಬತ್ತು ವರ್ಷದ ಮಗಳಿದ್ದಳು. ಆ ಹುಡುಗಿ ಇದ್ದಕ್ಕಿದ್ದಂತೆ ಮಾತು ಬಿಟ್ಟಳು. ತಾಯಿ ಮಗ್ಗ ನಿಲ್ಲಿಸಿ ಅವಳನ್ನು ಪಟ್ಟಣದ ವೈದ್ಯಶಾಲೆಗೆ ಕರೆದೊಯ್ದಳು. ಅಲ್ಲಿ ನಿದ್ದೆ ಬಾರದ ಮಕ್ಕಳನ್ನು ನೋಡುವವರು ಒಬ್ಬರು, ಹೆದರುವ ಮಕ್ಕಳನ್ನು ನೋಡುವವರು ಇನ್ನೊಬ್ಬರು. ಮಾತಾಡದ ಮಕ್ಕಳನ್ನು ವಯಸ್ಸಾದ ಒಬ್ಬ ವೈದ್ಯೆ ನೋಡುತ್ತಿದ್ದಳು. ಮೂವರಿಗೂ ಬೇರೆ ಬೇರೆ ದಿನ. ಪ್ರತಿಸಲವೂ ಮಗಳನ್ನು ಒಳಗೆ ಕರೆದು, ತಾಯಿಯನ್ನು ಹೊರಗಿನ ಜಗಲಿಯಲ್ಲಿ ಕೂರಿಸುತ್ತಿದ್ದರು.

ವೈದ್ಯೆಯ ಮುಂದೆ ಹುಡುಗಿ ಚಿತ್ರ ಬರೆದಳು, ನಕ್ಕಳು, ಒಂದೆರಡು ಮಾತನ್ನೂ ಆಡಿದಳು. ಮನೆಗೆ ಹೋದವಳು ಮತ್ತೆ ಬಾಯಿ ಮುಚ್ಚಿದಳು. ಆಮೇಲೆ ತಾಯಿ ಅವಳನ್ನು ಕರೆತರುವುದನ್ನೇ ನಿಲ್ಲಿಸಿದಳು.

ಆ ತಾಯಿಗೆ ಮಗಳ ಮೇಲೆ ಕಾಳಜಿಯಿಲ್ಲ ಎಂದು ಉಳಿದಿಬ್ಬರು ವೈದ್ಯರು ಅಂದುಕೊಂಡರು. ವೈದ್ಯೆಗೆ ಮಾತ್ರ ಕುತೂಹಲ ಹುಟ್ಟಿತು. ನನ್ನ ಮುಂದೆ ಬರುವ ಮಾತು ಮನೆಯಲ್ಲಿ ಯಾಕೆ ಬರುವುದಿಲ್ಲ? ಅದನ್ನು ತಿಳಿಯಲೆಂದೇ ಒಂದು ಬೆಳಿಗ್ಗೆ ನಡೆದು ಹೊರಟಳು. ಅವರ ಮನೆ ಮುಟ್ಟುವಾಗ ಮಧ್ಯಾಹ್ನವಾಗಿತ್ತು. ಇಷ್ಟು ದಾರಿಯನ್ನು ತಾಯಿ ಮಗಳಿಬ್ಬರೂ ವಾರಕ್ಕೆ ಮೂರು ಸಲ ನಡೆಯುತ್ತಿದ್ದರು ಎಂಬುದು ಅವಳಿಗೆ ಆಗ ತಿಳಿಯಿತು.

ತಾಯಿ ಮಗ್ಗದ ಮುಂದೆ ಕೈಕಟ್ಟಿ ಕುಳಿತಿದ್ದಳು. ಮಗಳು ಒಲೆಯ ಮೇಲೆ ಎಸರಿಡುತ್ತಿದ್ದಳು. ವೈದ್ಯೆ ಮಗಳನ್ನು ಏನೂ ಕೇಳಲಿಲ್ಲ. ತಾಯಿಯ ಪಕ್ಕದಲ್ಲಿ ಕುಳಿತು, "ನೀನು ಹೇಗಿದ್ದೀಯವ್ವ?" ಎಂದಳು.

ಅದುವರೆಗೆ ಯಾರೂ ಅವಳನ್ನು ಹಾಗೆ ಕೇಳಿರಲಿಲ್ಲ. ಅವಳು ಬಹಳ ಹೊತ್ತು ಅತ್ತಳು. ಹಿಂದಿನ ವರ್ಷ ತೀರಿಹೋದ ತನ್ನ ಹಸುಗೂಸಿನ ಸಂಗತಿ ಹೇಳಿದಳು. ತಾನು ಅಳುತ್ತೇನೆಂದು ಹಿರಿಯರು ಮನೆಯಲ್ಲಿ ಯಾರೂ ಕೂಸಿನ ಹೆಸರೆತ್ತದಂತೆ ಮಾಡಿದ್ದರು ಎಂದಳು.

ಮಗಳು ಒಲೆಯ ಬಳಿಯಿಂದ ಎದ್ದು ಬಂದಳು. "ಬಾಯಿ ತೆರೆದರೆ ತಂಗಿ ಬನವ್ವನ ಹೆಸರೇ ಬರುತ್ತಿತ್ತು, ಅವ್ವಾ. ಅದಕ್ಕೇ ಸುಮ್ಮನಾದೆ."

ತಾಯಿ ಅವಳನ್ನು ಹತ್ತಿರಕ್ಕೆ ಎಳೆದುಕೊಂಡಳು.

ವೈದ್ಯೆ ಮರಳಿ ಹೋಗಿ ನಡೆದದ್ದನ್ನು ಹೇಳಿ, ನಾವೇ ಅವರಲ್ಲಿಗೆ ಹೋಗಿ ತಾಯಂದಿರನ್ನೂ ಮಾತಾಡಿಸಬೇಕು ಎಂದಾಗ ಉಳಿದಿಬ್ಬರು ಒಪ್ಪಲಿಲ್ಲ. ತಾವೂ ಒಮ್ಮೆ ಆ ದಾರಿಯಲ್ಲಿ ನಡೆದು ಬಂದ ಮೇಲೆ ಒಪ್ಪಿದರು. ಅಂದಿನಿಂದ ವಾರಕ್ಕೊಂದು ದಿನ ಮೂವರೂ ನೇಕಾರರ ಕೇರಿಯಲ್ಲೇ ಒಟ್ಟಿಗೆ ಕೂರತೊಡಗಿದರು. ತಾಯಂದಿರನ್ನು ಹೊರಗೆ ಕೂರಿಸುವುದು ನಿಂತಿತು. ಆ ಹುಡುಗಿಯ ಮಾತು ಒಂದೇ ದಿನದಲ್ಲಿ ಮರಳಲಿಲ್ಲ. ಮಳೆಗಾಲ ಮುಗಿಯುವ ಹೊತ್ತಿಗೆ ತಾಯಿ ಮಗಳಿಬ್ಬರೂ ಕೂಸಿನ ಮಾತಾಡುತ್ತ ಕೆಲಸ ಮಾಡುತ್ತಿದ್ದರು.

ಹಾಗಾದರೆ ತಾಯಂದಿರಿಗಾಗಿ ಇನ್ನೊಬ್ಬ ವೈದ್ಯರನ್ನು ನೇಮಿಸಲೇ ಎಂದು ಶಿಷ್ಯೆ ಕೇಳಿದಳು.

"ಮೊನ್ನೆ ನಿನ್ನಲ್ಲಿಗೆ ಮರಳಿ ಬಂದ ಮಗುವಿನ ತಾಯಿಯ ಹೆಸರೇನಮ್ಮ?" ಎಂದರು ಗುರುಗಳು.

ಶಿಷ್ಯೆಗೆ ಅದು ಗೊತ್ತಿರಲಿಲ್ಲ.